ಅಮ್ಮನ ಸೀಟು

ಮೇ 28

ಅಮ್ಮ,

ನಿನ್ನ ಎಂಟು ಹಾಳೆಯ ಕಾಗದ ಬಂತು. ಏಳು ಹಾಳೆ ಮುಗಿಯುವಷ್ಟರಲ್ಲಿ ನಾನು ಅಚ್ಚುಕೂಟದಲ್ಲಿ ಎರಡು ಸಲ ಕುರ್ಚಿಯಿಂದ ಎದ್ದು ಕುಣಿದಾಗಿತ್ತು. ನಲವತ್ತೆಂಟು ವರ್ಷದ ಹೆಂಗಸೊಬ್ಬಳು, ಶಾಲೆ ಮುಗಿಸಿ ಮೂವತ್ತು ವರ್ಷವಾದವಳು, ಹಲ್ಲಿನ ಡಾಕ್ಟರ ಹಿಂದಿನ ಕೋಣೆಯಲ್ಲಿ ಕೂತು ಊರಿನ ಬೊಚ್ಚು ಬಾಯಿಗಳಿಗೆಲ್ಲ ಕಟ್ಟು ಹಲ್ಲಿನ ಸೆಟ್ಟು ಮಾಡಿಕೊಡುವವಳು, ಪ್ರವೇಶ ಪರೀಕ್ಷೆ ಬರೆದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಕ್ಕೆ ಸೀಟು ಗಿಟ್ಟಿಸಿದ್ದಾಳೆ, ಅವಳು ನನ್ನ ಅಮ್ಮ ಎಂದು ಇಡೀ ವಿಭಾಗಕ್ಕೆ ಡಂಗುರ ಸಾರಿದೆ. ನನ್ನ ಪಕ್ಕದ ಮೇಜಿನ ಹಿರಿಯರು, ಪೂರ್ಣವಿರಾಮಕ್ಕೆ ಬಿಟ್ಟರೆ ಬೇರೆ ಯಾವ ವಿರಾಮಕ್ಕೂ ಒಗ್ಗದವರು, ಪೆನ್ನು ಕೆಳಗಿಟ್ಟು, "ಸೀಟು ನಿಮ್ಮಮ್ಮಂಗಾ? ನಿಮಗಲ್ವಾ?" ಎಂದರು. "ನಮ್ಮ ಮನೇಲಿ ಹಿರಿತನದ ಪ್ರಕಾರ ಕೊಡ್ತಾರೆ ಸಾರ್" ಎಂದೆ.

ಆಮೇಲೆ ಎಂಟನೆಯ ಹಾಳೆ. ಅದರ ಅಂಚಿನಲ್ಲಿ, ಅಡ್ಡ ತಿರುಗಿಸಿ, ಇರುವೆಗೆ ಓದಲು ಬರೆದಂಥ ಅಕ್ಷರದಲ್ಲಿ ಒಂದು ಸಾಲು: "ಒಂದು ವರ್ಷ ಮುಂದಕ್ಕೆ ಹಾಕಿ ಅಂತ ಅವರಿಗೆ ಬರೆದಿದ್ದೇನೆ. ಗಾಬರಿಯಾಗಬೇಡ."

ಅಮ್ಮ, ನಾನು ಆರು ವರ್ಷದಿಂದ ಪಠ್ಯಪುಸ್ತಕದ ಕರಡು ತಿದ್ದುವವಳು. ಬರೆಯುವವರು ಮುಚ್ಚಿಡಬೇಕಾದ್ದನ್ನೆಲ್ಲ ಅಡಿಟಿಪ್ಪಣಿಗೆ ತಳ್ಳುತ್ತಾರೆಂದು ನನಗೆ ಗೊತ್ತು. "ಗಾಬರಿಯಾಗಬೇಡ" ಎಂದು ಬರೆದ ಕಡೆಯೆಲ್ಲ ಗಾಬರಿಗೆ ಕಾರಣವಿರುತ್ತದೆಂದೂ ಗೊತ್ತು.

ಅದೂ ಅಲ್ಲದೆ "ಒಂದು ವರ್ಷ" ಎಂಬ ಮಾತಿಗೂ ನನಗೂ ಹಳೆಯ ಪರಿಚಯ. ಇದೇ ವಿಶ್ವವಿದ್ಯಾಲಯದಲ್ಲಿ ನನಗೂ ಸೀಟು ಸಿಕ್ಕಿತ್ತು. ನಿನ್ನ ಬಲಗೈ ಮಣಿಕಟ್ಟು ಮುರಿಯಿತೆಂದು ನಾನೂ ಒಂದು ವರ್ಷ ಮುಂದಕ್ಕೆ ಹಾಕಿಸಿದೆ. ಹಾಗೆ ಹಾಕಿಸಿದವರಿಗೆ ಅವರು ಹಳದಿ ಕಾರ್ಡು ಕಳಿಸುತ್ತಾರೆ. ಎರಡು ಚೌಕ. ಒಂದು ಈ ವರ್ಷವೇ ಸೇರುತ್ತೇನೆಂದು, ಇನ್ನೊಂದು ಮುಂದಿನ ವರ್ಷವೆಂದು. ಒಂದಕ್ಕೆ ಗುರುತು ಹಾಕಿ, ಸಹಿ ಮಾಡಿ, ಆಗಸ್ಟ್ ಇಪ್ಪತ್ತರೊಳಗೆ ಮುಟ್ಟಿಸದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿರುವವರ ಪಾಲು. ನನ್ನ ಕಾರ್ಡು ಬರಲೇ ಇಲ್ಲ. ಸೆಪ್ಟೆಂಬರಿನಲ್ಲಿ ವಿಚಾರಿಸಲು ಹೋದಾಗ ಕಿಟಕಿಯೊಳಗಿನ ಗುಮಾಸ್ತರು, "ಕಳಿಸಿದೀವಲ್ಲಮ್ಮ, ನೀವೇ ವಾಪಸ್ ಕಳಿಸಿಲ್ಲ" ಎಂದು ದಫ್ತರ ತೋರಿಸಿದರು. ಅಪ್ಪನ ಅಂಚೆ ಇಲಾಖೆ ನನ್ನ ಓದನ್ನು ನುಂಗಿ ನೀರು ಕುಡಿಯಿತು. ಪೋಸ್ಟ್‌ಮನ್ನನ ಮಗಳ ಕಾಗದವೇ ಕಳೆದುಹೋಯಿತು ಎಂದರೆ ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಏಳು ವರ್ಷ ಅಭ್ಯಾಸ ಮಾಡಿದ್ದೇನೆ.

ಆದ್ದರಿಂದ ಹೇಳು. ಮುಂದಕ್ಕೆ ಹಾಕಿದ್ದು ಯಾಕೆ? ಹಾಕಿಸಿದ್ದು ಯಾರು?

ನಿನ್ನ,
ಕಾಗುಣಿತ

*

ಜೂನ್ 9

ನನ್ನ ಕಾಗುಣಿತಮ್ಮ,

ನಿನಗೆ ಆ ಅಡ್ಡಹೆಸರಿಟ್ಟ ನಿಮ್ಮಪ್ಪನಿಗೆ ನಮಸ್ಕಾರ. ಎಂಟು ಹಾಳೆ ಪ್ರೀತಿಯಿಂದ ಬರೆದರೆ ಅಂಚು ಹಿಡಿದುಕೊಂಡು ಜಗ್ಗುತ್ತೀಯಲ್ಲೇ! ನಾನು ಬಾಯಿ ಬಿಡಿಸುವವರ ಹತ್ತಿರ ಕೆಲಸ ಮಾಡುವವಳು, ಬಿಡುವವಳಲ್ಲ.

ಕಾರಣ ದೊಡ್ಡದೇನಲ್ಲ. ಡಾಕ್ಟರು ಕೈಮುಗಿದು ಕೇಳಿದರು. "ಇದೊಂದು ವರ್ಷ ಇರಿ, ನಿಮ್ಮ ಜಾಗಕ್ಕೆ ಯಾರನ್ನ ಹುಡುಕಲಿ?" ಅಂದರು. ಇಪ್ಪತ್ತೆರಡು ವರ್ಷ ಅನ್ನ ಹಾಕಿದ ಮೇಜು. ಒದ್ದು ಹೋಗುವುದಕ್ಕೆ ಆಗುತ್ತದೆಯೇ? ಕಪಾಟಿನ ತುಂಬ ಪ್ಲಾಸ್ಟರಿನ ಅಚ್ಚುಗಳು. ಊರಿನವರ ದವಡೆಗಳೆಲ್ಲ ನಂಬರು ಹಾಕಿಸಿಕೊಂಡು ಡಬ್ಬಗಳಲ್ಲಿ ಕೂತಿವೆ. ನೀನು ಹನ್ನೆರಡನೇ ವಯಸ್ಸಿನಲ್ಲಿ ಮೆಟ್ಟಿಲ ಮೇಲೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಾಗ ತೆಗೆದ ಅಚ್ಚೂ ಇದೆ. ಅವನ್ನೆಲ್ಲ ವಿಂಗಡಿಸಬೇಕು. ನಿನ್ನದೂ ಅಚ್ಚಿನ ಕೆಲಸ, ನನ್ನದೂ ಅಚ್ಚಿನ ಕೆಲಸ. ನಿನ್ನದನ್ನು ಓದಬಹುದು, ನನ್ನದನ್ನು ಕಡಿಯಬಹುದು, ಅಷ್ಟೇ ವ್ಯತ್ಯಾಸ.

ರಸಾಯನಶಾಸ್ತ್ರ ಎಲ್ಲಿಗೆ ಓಡಿಹೋಗುತ್ತದೆ? ಪ್ಲಾಸ್ಟರಿಗೆ ತಣ್ಣೀರು ಹಾಕಿದರೆ ಅದು ಗಟ್ಟಿಯಾಗುವಾಗ ಯಾಕೆ ಬಿಸಿಯಾಗುತ್ತದೆ ಎಂದು ಇಪ್ಪತ್ತೆರಡು ವರ್ಷ ಅಂಗೈಯಲ್ಲಿ ಹಿಡಿದು ಯೋಚಿಸಿದ್ದೇನೆ. ಇನ್ನೊಂದು ವರ್ಷ ಯೋಚಿಸಿದರೆ ಪ್ಲಾಸ್ಟರಿಗೇನೂ ಬೇಜಾರಿಲ್ಲ.

ಇದನ್ನು ಯಾರೂ ಹಾಕಿಸಿದ್ದಲ್ಲ. ಹಾಗೆಲ್ಲ ಕೇಳಬೇಡ.

ಅಪ್ಪ ಚೆನ್ನಾಗಿದ್ದಾರೆ. ಮೊನ್ನೆ ನೀನು ಪಕ್ಕದ ಮನೆ ಫೋನಿಗೆ ಕರೆ ಮಾಡಿದ್ದು ಅವರಿಗೆ ಗೊತ್ತಾಗಿ ಎರಡು ದಿನ ಮುಖ ದಪ್ಪ. "ಪೋಸ್ಟ್‌ಮನ್ ಮನೆಯವರೇ ಫೋನು ಮಾಡಿದ್ರೆ ಊರಿನವರು ಕಾಗದ ಯಾಕೆ ಬರೀತಾರೆ?" ಎಂದು ಅವರ ವಾದ. ಆದ್ದರಿಂದ ಬೈಯುವುದಿದ್ದರೂ ಕಾಗದದಲ್ಲೇ ಬೈ.

ನಿನ್ನ,
ಅಮ್ಮ

*

ಜೂನ್ 21

ಅಮ್ಮ,

ಬೈಯುವುದಿದೆ, ಆದ್ದರಿಂದ ಕಾಗದ.

ನಿನ್ನ ಉತ್ತರ ಬಂದ ದಿನವೇ ನಾನು ಡಾಕ್ಟರಿಗೆ ಬರೆದೆ. "ನನ್ನ ತಾಯಿಯನ್ನು ಇನ್ನೊಂದು ವರ್ಷ ಉಳಿಸಿಕೊಳ್ಳುವ ತಮ್ಮ ವಿಚಾರ ತಿಳಿದು ಸಂತೋಷವಾಯಿತು" ಎಂದು, ಒಳಗೆ ಸೂಜಿ ಇಟ್ಟು ಮೇಲೆ ಹತ್ತಿ ಸುತ್ತಿ. ಅವರು ಔಷಧಿ ಚೀಟಿಯ ಮೇಲೆ ಉತ್ತರ ಬರೆದಿದ್ದಾರೆ. ಆ ಅಕ್ಷರ ಬಿಡಿಸಲು ನಮ್ಮ ಹಿರಿಯರಿಗೆ ಭೂತಗನ್ನಡಿ ಬೇಕಾಯಿತು. ಇಬ್ಬರೂ ಸೇರಿ ಓದಿದ ಪಾಠ ಹೀಗಿದೆ: "ನಾನು ಜುಲೈ ಕೊನೆಗೆ ಆಸ್ಪತ್ರೆ ಮುಚ್ಚುತ್ತಿದ್ದೇನೆ. ಕಣ್ಣು ಸೋತಿದೆ. ನಿಮ್ಮ ತಾಯಿಗೆ ಪ್ರವೇಶ ಪರೀಕ್ಷೆ ಕಟ್ಟಲು ಒತ್ತಾಯ ಮಾಡಿದವನೇ ನಾನು. ಅವರು ಈ ವರ್ಷ ಹೋಗುತ್ತಿಲ್ಲವೇ?"

ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಅವರು ಸ್ಪಷ್ಟವಾಗಿ ಬರೆದಿದ್ದರು.

ಹಾಗಾದರೆ ಕೈಮುಗಿದವರು ಯಾರಮ್ಮ? ಮುಚ್ಚುವ ಆಸ್ಪತ್ರೆಯಲ್ಲಿ ನೀನು ಒಂದು ವರ್ಷ ಯಾರ ಬಾಯಿ ನೋಡಿಕೊಂಡು ಕೂರುತ್ತೀಯ?

ಸುಳ್ಳು ಹೇಳುವುದರಲ್ಲಿ ನಿನಗೆ ಅನುಭವವಿಲ್ಲ, ಅದು ಸಮಾಧಾನ. ಆದರೆ ಹೇಳಿಸುತ್ತಿರುವವರು ಯಾರೋ ಇದ್ದಾರೆ, ಅದು ಅನುಮಾನ. ನಮ್ಮ ಮನೆಯಲ್ಲಿ ಒಟ್ಟು ಇಬ್ಬರು. ನಿನ್ನನ್ನು ಕಳೆದರೆ ಉಳಿಯುವವರು ಒಬ್ಬರು. ಅವರು ಬೆಳಿಗ್ಗೆ ಖಾಕಿ ಹಾಕಿಕೊಂಡು ಊರಿಗೆಲ್ಲ ಸುದ್ದಿ ಹಂಚುತ್ತಾರೆ, ಸಂಜೆ ಮನೆಯಲ್ಲಿ ಬಿಸಿನೀರು, ತಟ್ಟೆ, ಹೆಂಡತಿ ಇದ್ದ ಜಾಗದಲ್ಲೇ ಇರಬೇಕೆನ್ನುತ್ತಾರೆ. ಹೆಂಡತಿ ದಿನವೂ ರೈಲು ಹತ್ತಿ ಒಂದು ಗಂಟೆ ದೂರದ ವಿಶ್ವವಿದ್ಯಾಲಯಕ್ಕೆ ಹೋದರೆ ಮನೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದು ಅವರಿಗೆ ಪ್ರಪಂಚದ ದೊಡ್ಡ ಸಮಸ್ಯೆ.

ಈ ಕಾಗದವೂ ಅವರ ಚೀಲದಲ್ಲೇ ನಿನಗೆ ಬರಬೇಕು. ಆದ್ದರಿಂದ ಇಲ್ಲೇ ಒಂದು ಸಾಲು: ಅಪ್ಪ, ಒಡೆದು ಓದುತ್ತಿದ್ದರೆ ನಮಸ್ಕಾರ. ವಾಪಸ್ ಅಂಟಿಸುವಾಗ ಗೋಂದು ಸ್ವಲ್ಪ ಜಾಸ್ತಿ ಹಚ್ಚಿ.

ಅಮ್ಮ, ಹಳದಿ ಕಾರ್ಡು ಬಂತಾ?

ನಿನ್ನ,
ಕಾಗುಣಿತ

*

ಜುಲೈ 2

ಕಾಗುಣಿತ,

ಡಾಕ್ಟರಿಗೆ ಬರೆದದ್ದು ಸರಿಯಲ್ಲ. ಅವರು ನನ್ನನ್ನು ಕರೆದು ಕೇಳಿದಾಗ ಕೈಯಲ್ಲಿದ್ದ ಮೇಣ ಕೆತ್ತುವ ಚಾಕು ಕೆಳಗೆ ಬಿತ್ತು.

ಸರಿ, ನಿಜ ಹೇಳುತ್ತೇನೆ. ನಿಮ್ಮಪ್ಪನ ಮಂಡಿ ನೋವು. ಸೈಕಲ್ಲು ತುಳಿದು ತುಳಿದು ಸವೆದಿದೆ. ಸಂಜೆ ಎಣ್ಣೆ ತಿಕ್ಕುವವರು ಬೇಕು. ಅಲ್ಲದೆ ನನಗೂ ನಾಚಿಕೆ. ಹದಿನೆಂಟರ ಮಕ್ಕಳ ನಡುವೆ ನಾನು ಹೋಗಿ ಕೂತರೆ ಮೇಷ್ಟ್ರು ಬಂದವರು ನನ್ನನ್ನೇ ನೋಡಿ ನಮಸ್ಕಾರ ಮಾಡಿಯಾರು. ಒಂದು ವರ್ಷ ಮನೆಯಲ್ಲೇ ಓದಿ ತಯಾರಾಗಿ ಹೋಗುತ್ತೇನೆ.

ಹಳದಿ ಕಾರ್ಡಿನ ವಿಚಾರ ನಾನು ನೋಡಿಕೊಳ್ಳುತ್ತೇನೆ. ನೀನು ನಿನ್ನ ಕರಡು ನೋಡಿಕೋ. ಅಪ್ಪನಿಗೆ ಮಾತ್ರ ಏನೂ ಬರೆಯಬೇಡ. ಅವರಿಗೆ ಇದರಲ್ಲಿ ಏನೂ ಗೊತ್ತಿಲ್ಲ.

ಅಮ್ಮ

*

ಜುಲೈ 8

ಅಪ್ಪನವರಿಗೆ ನಮಸ್ಕಾರಗಳು.

ನಿಮಗೆ ಏನೂ ಬರೆಯಬೇಡ ಎಂದು ಅಮ್ಮ ಬರೆದಿದ್ದಾಳೆ. ಆದ್ದರಿಂದ ಬರೆಯುತ್ತಿದ್ದೇನೆ. ನಿಮಗೆ ಏನೂ ಗೊತ್ತಿಲ್ಲ ಎಂದೂ ಬರೆದಿದ್ದಾಳೆ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ.

ನಿಮ್ಮ ಮಂಡಿಗೆ ಇದ್ದಕ್ಕಿದ್ದಂತೆ ನೋವು ಬಂದದ್ದು ಅಮ್ಮನ ಸೀಟಿನ ಕಾಗದ ಬಂದ ಮೇಲೋ ಮೊದಲೋ? ಹೋದ ತಿಂಗಳು ನೀವು ನನಗೆ ಕಳಿಸಿದ ಫೋಟೋದಲ್ಲಿ ಇಲಾಖೆಯ ಸೈಕಲ್ ಓಟದಲ್ಲಿ ಮೂರನೆಯವರಾಗಿ ಬಂದು ಬಹುಮಾನದ ಬಟ್ಟಲು ಹಿಡಿದು ನಿಂತಿದ್ದೀರಿ. ಆ ಬಟ್ಟಲನ್ನು ಮಂಡಿ ಸವೆದವರಿಗೂ ಕೊಡುತ್ತಾರೆಯೇ?

ಅಮ್ಮ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾಳೆ, ಕಾರ್ಡು ಬಂತೇ ಎಂಬ ಒಂದನ್ನು ಬಿಟ್ಟು. ಅವಳ ಬಾಯಲ್ಲಿ ನೀವು ಕೂತಿದ್ದೀರಿ ಎಂದು ನನ್ನ ಗುಮಾನಿ. ಹೇಳಿಬಿಡುತ್ತೇನೆ ಅಪ್ಪ, ಬೇಜಾರು ಮಾಡಿಕೊಳ್ಳಿ. ಏಳು ವರ್ಷದ ಹಿಂದೆ ನನ್ನ ಕಾರ್ಡು ಬರಲಿಲ್ಲ. ಆವತ್ತು ನಾನು ಇಲಾಖೆಯನ್ನು ಬಾಯಿಗೆ ಬಂದಂತೆ ಬೈದೆ. ನೀವು ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಲೇ ಇದ್ದಿರಿ. ಈಗ ಅಮ್ಮನ ಕಾರ್ಡಿನ ಸುದ್ದಿಯೂ ಇಲ್ಲ. ಎರಡು ಕಾರ್ಡು, ಒಬ್ಬರೇ ಪೋಸ್ಟ್‌ಮನ್. ನಾನು ಏನು ಅಂದುಕೊಳ್ಳಬೇಕು?

ಆಗಸ್ಟ್ 20 ದಾಟಿದರೆ ಅಮ್ಮನ ಸೀಟು ಹೋಗುತ್ತದೆ. ಅವಳ ವಯಸ್ಸಿನವರಿಗೆ ಎರಡನೆಯ ಸಲ ಪರೀಕ್ಷೆಗೆ ಅವಕಾಶವಿಲ್ಲ ಎಂದು ನಿಯಮದ ಪುಸ್ತಕದಲ್ಲಿದೆ. ಆ ಪುಸ್ತಕದ ಕರಡು ತಿದ್ದಿದವಳು ನಾನೇ.

ಇಂತಿ ನಿಮ್ಮ ಮಗಳು

*

ಜುಲೈ 19

ಚಿ. ಕಾಗುಣಿತಳಿಗೆ ಅಪ್ಪನ ಆಶೀರ್ವಾದಗಳು.

ಕಾಗದ ಮುಟ್ಟಿಸುವುದು ನನ್ನ ಕೆಲಸ, ಬರೆಯುವುದಲ್ಲ. ತಪ್ಪಿದ್ದರೆ ತಿದ್ದಿಕೋ.

ನಿನ್ನ ಕಾಗದ ನಾನು ಒಡೆದು ಓದಿಲ್ಲ, ಗೋಂದಿನ ಸಾಲು ನಿನ್ನ ಅಮ್ಮನೇ ಓದಿ ಹೇಳಿದ್ದು. ಗೋಂದು ಬಿಟ್ಟುಕೊಂಡಿದ್ದರೆ ಅದು ನಿಮ್ಮ ಅಚ್ಚುಕೂಟದ ಗೋಂದಿನ ಯೋಗ್ಯತೆ.

ಮಂಡಿ ಚೆನ್ನಾಗಿದೆ. ಬಟ್ಟಲು ಗೂಡಿನಲ್ಲಿದೆ. ನಿನ್ನ ಅಮ್ಮ ಓದಲು ಹೋಗುವುದು ನನಗೆ ಒಪ್ಪಿಗೆ. ಬೀಗದ ಕೈ ಎರಡು ಮಾಡಿಸಿದ್ದೇನೆ. ಅವಳಿಗೆ ಕೊಡಲು ಹೋದರೆ "ಮುಂದಿನ ವರ್ಷ ಕೊಡಿ" ಎನ್ನುತ್ತಾಳೆ.

ಇನ್ನೊಂದು ವಿಷಯ. ಮೂವತ್ತೊಂದು ವರ್ಷದ ನೌಕರಿಯಲ್ಲಿ ನನ್ನ ಚೀಲದಿಂದ ಕಳೆದುಹೋದ ಕಾಗದ ಒಂದೂ ಇಲ್ಲ. ಒಂದೂ ಇಲ್ಲ. ಯಾರ ಕಾಗದವಾದರೂ ವಿಳಾಸದ ಮನೆಯವರ ಕೈಗೆ ಕೊಡುತ್ತೇನೆ. ಕೊಟ್ಟ ಮೇಲೆ ಅದು ನನ್ನದಲ್ಲ. ಅವರು ಓದಿದರೋ, ಹರಿದರೋ, ನಾನು ಕೇಳುವ ಹಾಗಿಲ್ಲ. ಪೋಸ್ಟ್‌ಮನ್ ಕೇಳಲು ಶುರುಮಾಡಿದರೆ ಊರಿನಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ. ಹೆಂಡತಿಯನ್ನಾದರೂ ಕೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಅಭ್ಯಾಸ ಬಿಡಲಿಲ್ಲ.

ಈ ವಾರ ಡಾಕ್ಟರ ಹಿಂದಿನ ಕೋಣೆ ಖಾಲಿ ಮಾಡಲು ಅವಳಿಗೆ ಕೈ ಜೋಡಿಸಿದೆ. ಅಚ್ಚುಗಳನ್ನೆಲ್ಲ ಒಡೆದು ಗುಂಡಿಗೆ ಹಾಕಿದೆವು. ಒಂದು ಡಬ್ಬ ಮಾತ್ರ ಅವಳು ಮುಟ್ಟಲು ಬಿಡಲಿಲ್ಲ. "ಅದು ಮಗೂದು, ಇರ್ಲಿ" ಅಂದಳು. ಸೀರೆಯಲ್ಲಿ ಸುತ್ತಿಕೊಂಡು ಮನೆಗೆ ತಂದಿದ್ದಾಳೆ. ನಾನು ಕೇಳಲಿಲ್ಲ.

ಕಸದ ಬುಟ್ಟಿ ಖಾಲಿ ಮಾಡುವಾಗ ಪ್ಲಾಸ್ಟರಿನ ಪುಡಿಯಲ್ಲಿ ಹಳದಿ ಕಾರ್ಡು ಸಿಕ್ಕಿತು. ಜೂನ್ 12ಕ್ಕೆ ನಾನೇ ಕೈಗೆ ಕೊಟ್ಟದ್ದು. ಅವಳ ಸಹಿ ಇದೆ. ಎರಡು ಚೌಕದಲ್ಲಿ ಯಾವುದಕ್ಕೂ ಗುರುತಿಲ್ಲ. ಒಂದು ವರ್ಷ ಮುಂದಕ್ಕೆ ಅಂತಲೂ ಅವಳು ತಿಳಿಸಿಲ್ಲ. ಅಂದರೆ ನನಗೆ ಅರ್ಥವಾದ ಮಟ್ಟಿಗೆ, ಅವಳು ಎಂದೂ ಹೋಗುವುದಿಲ್ಲ.

ಕಾರ್ಡು ಇದರೊಳಗೆ ಇಟ್ಟಿದ್ದೇನೆ. ಕಸದಲ್ಲಿ ಬಿದ್ದದ್ದು ಯಾರದ್ದೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಮೂವತ್ತೊಂದು ವರ್ಷದಲ್ಲಿ ನಾನು ಬೇಕೆಂದೇ ಬೇರೆ ವಿಳಾಸಕ್ಕೆ ಕಳಿಸುತ್ತಿರುವ ಕಾಗದ ಇದೊಂದೇ.

ಅಪ್ಪ

*

ಜುಲೈ 27

ಅಮ್ಮ,

ಇವತ್ತು ತಮಾಷೆ ಇಲ್ಲ.

ತನ್ನ ಚೀಲದಿಂದ ಒಂದು ಕಾಗದವೂ ಕಳೆದಿಲ್ಲ ಎಂದು ಅಪ್ಪ ಬರೆದಿದ್ದಾರೆ. "ಒಂದೂ ಇಲ್ಲ" ಎಂಬುದನ್ನು ಎರಡು ಸಲ ಬರೆದಿದ್ದಾರೆ. ಒಂದೇ ಮಾತು ಎರಡು ಸಲ ಬಂದರೆ ನಾವು ಒಂದನ್ನು ಹೊಡೆದುಹಾಕುತ್ತೇವೆ. ಇದನ್ನು ಹೊಡೆಯಲು ನನ್ನ ಕೈ ಬರಲಿಲ್ಲ. ಮೂರು ದಿನದಿಂದ ಅದನ್ನೇ ಓದುತ್ತಿದ್ದೇನೆ.

ನಾನು ಡಾಕ್ಟರನ್ನು ಅನುಮಾನಿಸಿದೆ. ಅಪ್ಪನನ್ನು ಅನುಮಾನಿಸಿದೆ. ಮಂಡಿಯನ್ನೂ ಬಿಡಲಿಲ್ಲ. ನಿನ್ನನ್ನು ಮಾತ್ರ ಅನುಮಾನಿಸಿರಲಿಲ್ಲ.

ನನ್ನ ಕಾರ್ಡು ಎಲ್ಲಿದೆ?

*

ಆಗಸ್ಟ್ 7

ಮಗಳೇ,

ಒಂದೇ ಸಾಲು ಕೇಳಿದ್ದೀಯ. ಒಂದೇ ಸಾಲಿನಲ್ಲಿ ಹೇಳಿದರೆ: ನನ್ನ ಹತ್ತಿರ ಇದೆ.

ಏಳು ವರ್ಷದ ಹಿಂದೆ, ಜೂನ್ ತಿಂಗಳು, ಹನ್ನೊಂದು ಗಂಟೆಗೆ ನಿಮ್ಮಪ್ಪ ಹಿಂದಿನ ಕೋಣೆಗೆ ಬಂದು ಕಿಟಕಿಯಿಂದ ಕೊಟ್ಟರು. "ಮಗೂದು ಬಂತು, ಅವಳಿಗೆ ಕೊಡು" ಅಂದರು. ನೀನು ಒಳಗೆ ಡಾಕ್ಟರ ಹತ್ತಿರ ಹೋಗಿದ್ದೆ. ನಾನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಮಧ್ಯಾಹ್ನ ಕೊಡೋಣ ಅಂತ.

ನನ್ನ ಮಣಿಕಟ್ಟು ಕೂಡಿಕೊಂಡಿತ್ತು, ನಿನಗೆ ಗೊತ್ತಿದೆ. ಎಕ್ಸ್‌ರೇಯಲ್ಲಿ ಎಲ್ಲ ಸರಿ ಇತ್ತು. ಬೆರಳು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ, ಅದು ನಿನಗೆ ಗೊತ್ತಿರಲಿಲ್ಲ. ಮೇಣದಲ್ಲಿ ಹಲ್ಲು ಕೂರಿಸುವಾಗ ಚಾಕು ನಡುಗುತ್ತಿತ್ತು. ಆ ವರ್ಷ ಹೊರಗೆ ಹೋದ ಒಂದೊಂದು ಸೆಟ್ಟನ್ನೂ ಕೂರಿಸಿದ್ದು ನಿನ್ನ ಕೈ. ನಾನು ಪಕ್ಕದಲ್ಲಿ ಕೂತು, "ಇನ್ನು ಸ್ವಲ್ಪ ಎಡಕ್ಕೆ, ಇನ್ನು ಸ್ವಲ್ಪ ಒಳಕ್ಕೆ" ಅನ್ನುತ್ತಿದ್ದೆ. ನಿನಗೆ ಕಲಿಸುತ್ತಿದ್ದೇನೆ ಅಂತ ನೀನು ತಿಳಿದೆ. ಡಾಕ್ಟರು ನನ್ನ ಕೈಚಳಕವನ್ನು ಹೊಗಳುತ್ತಿದ್ದರು. ನೀನು ಹೋದ ಮಾರನೆಯ ದಿನ ಅವರಿಗೆ ಗೊತ್ತಾಗುತ್ತಿತ್ತು, ಕೆಲಸ ಹೋಗಿ ನಾನು ಮನೆಯಲ್ಲಿರುತ್ತಿದ್ದೆ. ಆ ಕೋಣೆ ಬಿಟ್ಟರೆ ನನಗೆ ನಾನು ಅಂತ ಇದ್ದ ಜಾಗ ಇನ್ನೊಂದಿರಲಿಲ್ಲ.

ಕೊಡಬಾರದು ಅಂತ ಒಂದು ದಿನವೂ ಅಂದುಕೊಳ್ಳಲಿಲ್ಲ, ಇದನ್ನು ನಂಬು. ಇನ್ನೊಂದು ವಾರ ಆಗಲಿ, ಬೆರಳು ಸರಿಹೋಗಲಿ, ಆಗ ಕೊಡುತ್ತೇನೆ ಅಂದುಕೊಂಡೆ. ಮುಂದಿನ ವಾರವೂ ಹಾಗೇ ಅಂದುಕೊಂಡೆ. ಜೇಬಿನಲ್ಲಿದ್ದರೆ ನಿನ್ನ ಕಣ್ಣಿಗೆ ಬೀಳುತ್ತದೆ ಅಂತ ನಿನ್ನ ಅಚ್ಚಿನ ಡಬ್ಬ ತೆಗೆದು, ಮೇಲಿನ ದವಡೆಗೂ ಕೆಳಗಿನ ದವಡೆಗೂ ನಡುವೆ ಇಟ್ಟು ದಾರ ಕಟ್ಟಿದೆ. ಒಂದು ದಿನ ನೋಡಿದರೆ ಆಗಸ್ಟ್ ಇಪ್ಪತ್ತೊಂದು. ಬೆರಳು ಸರಿಹೋದದ್ದು ನವೆಂಬರಿನಲ್ಲಿ. ಅದಾದ ಮೇಲೆ ನೀನು ಅಚ್ಚುಕೂಟ ಸೇರಿದೆ.

ನೀನು ಅಂಗಳದಲ್ಲಿ ಅಪ್ಪನ ಎದುರು ಇಲಾಖೆಯನ್ನು ಬೈದ ದಿನ ನಾನು ಬಾಗಿಲ ಹಿಂದೆ ಇದ್ದೆ. ಅವರು ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಚೈನಿಗೆ ಎಣ್ಣೆ ಬಿಟ್ಟರು. ಅವರು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಕೇಳಲಿ ಅಂತ ಏಳು ವರ್ಷ ಕಾದೆ.

ಪ್ರತಿ ವರ್ಷ ನಿನಗೆ ಮತ್ತೆ ಅರ್ಜಿ ಹಾಕು ಅಂತ ಬರೆದದ್ದು ನೆನಪಿದೆಯಾ? "ಬಸ್ಸು ಹೋಯ್ತಮ್ಮ, ಈಗ ನಿಲ್ದಾಣದಲ್ಲೇ ಮನೆ ಕಟ್ಕೊಂಡಿದೀನಿ" ಅಂತ ನಗುತ್ತಿದ್ದೆ. ಡಾಕ್ಟರ ಒತ್ತಾಯಕ್ಕೆ ನಾನು ಪರೀಕ್ಷೆ ಬರೆದೆ. ಪಾಸಾಗುವುದಿಲ್ಲ ಅಂತ ಧೈರ್ಯವಿತ್ತು. ಆಮೇಲೆ ಆ ಕಾರ್ಡು ಬಂತು. ಅದೇ ಹಳದಿ, ಅದೇ ಎರಡು ಚೌಕ. ಸಹಿ ಮಾಡಿದೆ, ಅಲ್ಲಿಯವರೆಗೆ ಕೈ ಸರಿ ಇತ್ತು. ಗುರುತು ಹಾಕಲು ಹೋದರೆ ಬೆರಳು ಮತ್ತೆ ಏಳು ವರ್ಷ ಹಿಂದಕ್ಕೆ ಹೋಯಿತು.

ನಿನ್ನ ಕಾರ್ಡು ಇದರ ಜೊತೆ ಇದೆ. ಮಧ್ಯದಲ್ಲಿ ಒಂದು ಸಾಲು ಗುಳಿ ಬಿದ್ದಿದೆ. ದಾರ ಬಿಗಿ ಕಟ್ಟಿದ್ದೆ. ಏಳು ವರ್ಷವೂ ನಿನ್ನ ಹಲ್ಲುಗಳೇ ಅದನ್ನು ಕಚ್ಚಿ ಹಿಡಿದಿದ್ದವು.

ನನ್ನ ಕಾರ್ಡು ಕಸಕ್ಕೆ ಹೋಯಿತು. ಅದೇ ಸರಿ. ನಿನಗೆ ಏನು ಬೇಕೋ ಅದನ್ನು ಬೈ. ನಿಮ್ಮಪ್ಪನನ್ನು ಮಾತ್ರ ಬೈಯಬೇಡ.

ಅಮ್ಮ

*

ಆಗಸ್ಟ್ 18

ಅಮ್ಮ,

ನಿನ್ನ ಕಾಗದ ಹನ್ನೊಂದನೇ ತಾರೀಕು ಬಂತು. ಇವತ್ತು ಹದಿನೆಂಟು. ನಡುವಿನ ಏಳು ದಿನ ನಾನೇನು ಮಾಡಿದೆ ಎಂದು ನಿನಗೆ ಹೇಳಬೇಕು.

ನಿನ್ನ ಕಾರ್ಡು ಕಸಕ್ಕೆ ಹೋಗಿಲ್ಲ. ಹೋಗಿತ್ತು, ಅಪ್ಪ ಎತ್ತಿ ನನಗೆ ಕಳಿಸಿದರು. ಜುಲೈ ಇಪ್ಪತ್ತನಾಲ್ಕರಿಂದ ಅದು ನನ್ನ ಮೇಜಿನ ಖಾನೆಯಲ್ಲಿತ್ತು. ನಿನ್ನ ಉತ್ತರ ಬಂದ ತಕ್ಷಣ ತೆಗೆದುಕೊಂಡು ಹೋಗಿ ಕೊಡುವುದೆಂದು ತೀರ್ಮಾನಿಸಿದ್ದೆ.

ಉತ್ತರ ಬಂತು. ಓದಿದೆ. ಖಾನೆ ಮುಚ್ಚಿದೆ.

ಮೊದಲನೆಯ ದಿನ, ಸಿಟ್ಟು ಇಳಿಯಲಿ ಅಂದುಕೊಂಡೆ. ಎರಡನೆಯ ದಿನ ಮೂರನೇ ತರಗತಿಯ ಗಣಿತದ ಕರಡು ಕೊಡಬೇಕಿತ್ತು, ಅದಕ್ಕಿಂತ ಗಟ್ಟಿ ನೆಪ ಬೇಕೇ? ಮೂರನೆಯ ದಿನದಿಂದ ನೆಪವೂ ಬೇಕಾಗಲಿಲ್ಲ. ಖಾನೆ ಮುಚ್ಚಿತ್ತು, ಅಷ್ಟೇ. ಒಂದು ಕಾಗದವನ್ನು ಬಚ್ಚಿಡುವುದಕ್ಕೆ ದೊಡ್ಡ ದುಷ್ಟತನ ಬೇಕೆಂದು ಇಷ್ಟು ದಿನ ತಿಳಿದಿದ್ದೆ. ಏನೂ ಬೇಡಮ್ಮ. ಖಾನೆ ತೆಗೆಯದಿದ್ದರೆ ಸಾಕು.

ನಿನ್ನೆ ಪಕ್ಕದ ಮೇಜಿನ ಹಿರಿಯರು ಕೇಳಿದರು. "ನಿಮ್ಮಮ್ಮ ಯಾವತ್ತು ಸೇರ್ತಾರೆ?"

"ಮುಂದಿನ ವರ್ಷ ಸಾರ್."

ಬಾಯಿಗೆ ತಾನಾಗಿ ಬಂತು. ಕೇಳಿದರೆ ನಿನ್ನ ದನಿ. ನನ್ನ ಬೆನ್ನ ಹಿಂದೆ ನೀನೇ ನಿಂತು ಹೇಳಿದ ಹಾಗಾಯಿತು. ರಜೆ ಚೀಟಿ ಬರೆದಿಟ್ಟೆ.

ಇವತ್ತು ಬೆಳಿಗ್ಗೆಯ ರೈಲಿಗೆ ವಿಶ್ವವಿದ್ಯಾಲಯಕ್ಕೆ ಹೋದೆ. ಅದೇ ಕಿಟಕಿ. ಸರಳಿಗೆ ಹೊಸ ಬಣ್ಣ ಬಂದಿದೆ. ಒಳಗೆ ಅದೇ ಗುಮಾಸ್ತರು, ಅವರಿಗೆ ಕನ್ನಡಕ ಬಂದಿದೆ. ನನ್ನ ಗುರುತು ಅವರಿಗೆ ಸಿಗಲಿಲ್ಲ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಏನಮ್ಮ ಇದು, ಬಿಳೀ ಪುಡಿ?"

"ಪ್ಲಾಸ್ಟರು ಸಾರ್. ಅಭ್ಯರ್ಥಿ ಹಲ್ಲಿನ ಸೆಟ್ ಮಾಡೋರು."

"ನೀವೇನಾ ಅಭ್ಯರ್ಥಿ?"

"ನಮ್ಮಮ್ಮ."

"ಮಕ್ಕಳ ಕಾರ್ಡು ಹಿಡ್ಕೊಂಡು ಬರೋ ಅಮ್ಮಂದಿರನ್ನ ದಿನಾ ನೋಡ್ತೀನಿ. ಅಮ್ಮನ ಕಾರ್ಡು ತಂದಿರೋ ಮಗಳು ನೀವೇ ಮೊದಲು." ಕನ್ನಡಕ ಸರಿಮಾಡಿಕೊಂಡರು. "ಸಹಿ ಇದೆ. ಚೌಕ ಖಾಲಿ ಇದೆಯಲ್ಲ? ಈ ವರ್ಷನೋ ಮುಂದಿನ ವರ್ಷನೋ? ಅವರೇ ಹೇಳ್ಬೇಕು."

"ಅವರು ಬಾಯಿ ಬಿಡಲ್ಲ ಸಾರ್. ಬೇರೆಯವರ ಬಾಯಿ ನೋಡಿ ನೋಡಿ ಅಭ್ಯಾಸ."

ಅವರಿಗೆ ನಗು ಬಂತು. ದಾರ ಕಟ್ಟಿದ ಪೆನ್ನೊಂದನ್ನು ಕಿಟಕಿಯಿಂದ ಹೊರಗೆ ತಳ್ಳಿದರು. "ನಾನು ಆ ಕಡೆ ತಿರುಗಿ ಒಂದು ಫೈಲು ಹುಡುಕ್ಬೇಕು. ಹುಡುಕೋಕೆ ಒಂದು ನಿಮಿಷ ಆಗುತ್ತೆ" ಎಂದು ಬೆನ್ನು ತಿರುಗಿಸಿದರು.

ಆ ಒಂದು ನಿಮಿಷ ಉದ್ದವಾಗಿತ್ತು ಅಮ್ಮ. ಪರ್ಸಿನಲ್ಲಿ ನನ್ನ ಕಾರ್ಡೂ ಇತ್ತು, ಗುಳಿ ಬಿದ್ದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನದನ್ನು ವಾಪಸ್ ಒಳಗಿಟ್ಟೆ. ದಿನ ಮೀರಿದ ಕರಡನ್ನು ನಾವು ತಿದ್ದುವುದಿಲ್ಲ. ನಿನ್ನದರಲ್ಲಿ "ಈ ವರ್ಷವೇ ಸೇರುತ್ತೇನೆ" ಎಂಬ ಚೌಕಕ್ಕೆ ಗುರುತು ಹಾಕಿದೆ. ಆರು ವರ್ಷದಲ್ಲಿ ಲಕ್ಷ ಗುರುತು ಹಾಕಿದ್ದೇನೆ, ಎಲ್ಲವೂ ತಪ್ಪುಗಳಿಗೆ. ಸರಿ ಎಂದು ಹಾಕಿದ್ದು ಇದೊಂದು. ಅದೂ ಸರಿಯೇ ಎಂದು ಈಗಲೂ ಪೂರ್ತಿ ನಂಬಿಕೆಯಿಲ್ಲ. ಇಷ್ಟು ದಿನ ಊರವರನ್ನೆಲ್ಲ ಅನುಮಾನಿಸಿದವಳಿಗೆ ಈ ವಾರ ನನ್ನ ಮೇಲೇ ಅನುಮಾನ ಬಂದು ಕೂತಿದೆ. ಹಿರಿಯರು ನಿನ್ನೆ ಕೇಳದೇ ಇದ್ದಿದ್ದರೆ? ಖಾನೆ ತೆಗೆಯುತ್ತಿದ್ದೆನೇ?

ಠಸ್ಸೆ ಹಾಕಿದ ರಸೀದಿ ಇದರೊಳಗಿದೆ. ಸೆಪ್ಟೆಂಬರ್ ನಾಲ್ಕಕ್ಕೆ ತರಗತಿ. ಎರಡನೆಯ ಮಹಡಿ. ಕಿಟಕಿ ಪಕ್ಕದ ಬೆಂಚು ಹಿಡಿದುಕೋ, ಮೇಷ್ಟ್ರು ನಮಸ್ಕಾರ ಮಾಡಿದರೆ ವಾಪಸ್ ಮಾಡು. ಪ್ಲಾಸ್ಟರು ಯಾಕೆ ಬಿಸಿಯಾಗುತ್ತದೆ ಎಂದು ಮೊದಲ ದಿನವೇ ಕೇಳಬೇಡ, ಅವರಿಗೆ ಗೊತ್ತಿಲ್ಲದಿದ್ದರೆ ಅವಮಾನ. ಅಪ್ಪ ಮಾಡಿಸಿದ ಎರಡನೆಯ ಬೀಗದ ಕೈ ಇಸಿದುಕೋ. ಅವರಿಗೆ ನಾನು ಬೇರೆ ಕಾಗದ ಬರೆಯಬೇಕು. ಏಳು ವರ್ಷದ ಬೈಗುಳ ವಾಪಸ್ ತೆಗೆದುಕೊಳ್ಳಲು ಎಷ್ಟು ಹಾಳೆ ಬೇಕೋ ನೋಡಬೇಕು.

ನಿನ್ನನ್ನು ಕ್ಷಮಿಸಿದೆನಾ ಎಂದು ಮಾತ್ರ ಈಗ ಕೇಳಬೇಡ. ಅದಕ್ಕೆ ನಾನೂ ಒಂದು ವರ್ಷ ಕೇಳಿಕೊಳ್ಳುತ್ತಿದ್ದೇನೆ. ಜಾಗ ನಿನ್ನ ಹೆಸರಿನಲ್ಲೇ ಇರುತ್ತದೆ, ಪಟ್ಟಿಯಲ್ಲಿ ಮುಂದಿನವರು ಯಾರೂ ಇಲ್ಲ. ದಿನ ಬಂದಾಗ ಕಾರ್ಡು ಕಳಿಸುತ್ತೇನೆ.

ಅಪ್ಪನ ಚೀಲದಲ್ಲೇ ಬರುತ್ತದೆ. ಕಳೆಯುವುದಿಲ್ಲ.

ನಿನ್ನ,
ಕಾಗುಣಿತ